ಸೇನಾಪತಿಗಳೂ ನ್ಯಾಯಾಸನವೂ

ದೇಶದ ಗಡಿಯನ್ನು ಕಾಯಲೆಂದು ಪ್ರಜೆಗಳು ಸೇನಾಪತಿಯ ಕೈಗೆ ಖಡ್ಗವನ್ನು ಒಪ್ಪಿಸುವರು. ಆ ಖಡ್ಗವು ಅದನ್ನು ಕೊಟ್ಟವರ ಕೊರಳಿನತ್ತಲೇ ತಿರುಗಿದರೆ ಅವನನ್ನು ಕೇಳುವವರು ಯಾರು? ಬೇಲಿಯೇ ಎದ್ದು ಹೊಲವನ್ನು ಮೇಯ್ದಾಗ ಒಕ್ಕಲಿಗನು ಯಾರಲ್ಲಿ ದೂರಬೇಕು? ಸ್ವತಂತ್ರವೆಂದು ಹೇಳಿಕೊಳ್ಳುವ ಪ್ರತಿಯೊಂದು ರಾಷ್ಟ್ರವೂ ಒಂದಿಲ್ಲೊಂದು ದಿನ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುವುದು. ಹಲವು ರಾಷ್ಟ್ರಗಳು ಉತ್ತರ ಹೇಳಲಾರದೆ ಮೌನವನ್ನು ಆಶ್ರಯಿಸಿರುವುವು. ಆ ಮೌನಕ್ಕೆ ಶಾಂತಿಯೆಂದೂ ಔದಾರ್ಯವೆಂದೂ ಚೆಲುವಾದ ಹೆಸರುಗಳನ್ನು ಇಟ್ಟುಕೊಂಡಿರುವುವು. ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶವು ಮಾತ್ರ, ಎಡವಿಯೂ ಹಿಂಜರಿದೂ ಕೊನೆಗೆ ಉತ್ತರವನ್ನು ಕೊಟ್ಟಿತು. ಅಲ್ಲಿನ ಸೇನಾಪತಿಗಳು ೧೯೭೬ರ ಮಾರ್ಚ್ ೨೪ರಂದು ಅಧಿಕಾರವನ್ನು ಕಸಿದುಕೊಂಡು ಅರ್ಧ ಶತಮಾನದಷ್ಟು ಕಾಲ ಕಳೆದಿದೆ. ಹಳೆಯ ಗಾಯವನ್ನು ಕೆದಕಬಾರದೆಂಬ ಉಪದೇಶವು ಅಲ್ಲಿಯೂ ಇತರ ದೇಶಗಳಲ್ಲಿಯೂ ಮತ್ತೆ ಕೇಳಿಬರುತ್ತಿರುವ ಈ ಸಮಯದಲ್ಲಿ ಆ ದೇಶದ ಅನುಭವವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸೋತ ಸೇನಾಪತಿಗಳನ್ನು ಗೆದ್ದವರು ವಿಚಾರಣೆಗೆ ಗುರಿಮಾಡಿದ್ದು ಲೋಕಕ್ಕೆ ಹೊಸದಲ್ಲ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ನ್ಯೂರೆಂಬರ್ಗ್ ಮತ್ತು ಟೋಕಿಯೊ ನಗರಗಳಲ್ಲಿ ಅಂತಹ ನ್ಯಾಯಮಂಡಲಿಗಳು ಕುಳಿತವು. ಟೋಕಿಯೊ ಮಂಡಲಿಯಲ್ಲಿದ್ದ ನಮ್ಮ ದೇಶದ ನ್ಯಾಯಮೂರ್ತಿ ರಾಧಾಬಿನೋದ ಪಾಲರು ಅದರ ಅಧಿಕಾರದ ನೆಲೆಯನ್ನೇ ಪ್ರಶ್ನಿಸಿ ಪ್ರತ್ಯೇಕ ತೀರ್ಪನ್ನು ಬರೆದರು. ಗೆದ್ದವನು ಸೋತವನನ್ನು ತೂಗುವ ತಕ್ಕಡಿಯಲ್ಲಿ ಗೆದ್ದವನ ಬೆರಳು ಇರಬಹುದೆಂಬ ಶಂಕೆಯು ಅಂದಿನಿಂದ ಇಂದಿನವರೆಗೂ ಅಳಿದಿಲ್ಲ. ಆದರೆ ಒಂದು ದೇಶವು ಹೊರಗಿನ ಯಾವ ವಿಜಯಿಯ ಒತ್ತಾಯವೂ ಇಲ್ಲದೆ, ತನ್ನದೇ ಕಾಯಿದೆಯಿಂದ, ತನ್ನದೇ ನ್ಯಾಯಾಧೀಶರ ಮುಂದೆ, ತನ್ನದೇ ಸೇನಾಪತಿಗಳನ್ನು ನಿಲ್ಲಿಸುವುದು ಬೇರೆಯೇ ಮಾತು. ೧೯೭೫ರಲ್ಲಿ ಗ್ರೀಸ್ ದೇಶವು ತನ್ನ ಕರ್ನಲರನ್ನು ಹಾಗೆ ನಿಲ್ಲಿಸಿತು. ಹತ್ತು ವರ್ಷಗಳ ತರುವಾಯ ಅರ್ಜೆಂಟೀನವು ಅದಕ್ಕಿಂತಲೂ ಕಷ್ಟವಾದ ಹಾದಿಯನ್ನು ಹಿಡಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಆ ದೇಶವು ಆರು ಸಲ ಲಷ್ಕರಿ ಕ್ರಾಂತಿಯನ್ನು ಕಂಡಿತು. ೧೯೩೦, ೧೯೪೩, ೧೯೫೫, ೧೯೬೨, ೧೯೬೬ರ ಬಳಿಕ ಆರನೆಯದು ೧೯೭೬ರದು. ಭೂಸೇನೆಯ ಹೋರ್ಹೆ ವಿದೇಲಾ, ನೌಕಾಸೇನೆಯ ಎಮಿಲಿಯೊ ಮಸ್ಸೇರಾ, ವಾಯುಸೇನೆಯ ಒರ್ಲಾಂಡೊ ಅಗೋಸ್ತಿ ಎಂಬ ಮೂವರು ಕೂಡಿ ಅಧ್ಯಕ್ಷೆ ಇಸಬೆಲ್ ಪೆರೋನಳನ್ನು ಪದಚ್ಯುತಗೊಳಿಸಿ ರಾಜ್ಯಸೂತ್ರವನ್ನು ಕೈಗೆ ತೆಗೆದುಕೊಂಡರು. ದೇಶದಲ್ಲಿ ಆಗ ಸಶಸ್ತ್ರ ಬಂಡಾಯಗಾರರ ಗುಂಪುಗಳು ಇದ್ದುದು ನಿಜ. ಅವರು ಅಪಹರಣಗಳನ್ನೂ ಕೊಲೆಗಳನ್ನೂ ಮಾಡಿದ್ದುದೂ ನಿಜ. ಅವರನ್ನು ಹಿಡಿದು ನ್ಯಾಯಾಸ್ಥಾನಕ್ಕೆ ಒಪ್ಪಿಸುವ ಅಧಿಕಾರವು ಸರಕಾರಕ್ಕೆ ಇದ್ದೇ ಇತ್ತು. ಸೇನಾಪತಿಗಳು ಆ ದಾರಿಯನ್ನು ಬಿಟ್ಟರು. ನಡುರಾತ್ರಿಯಲ್ಲಿ ಗುರುತಿನ ಚೀಟಿಯಿಲ್ಲದ ಮೋಟಾರುಗಳು ಮನೆಯ ಮುಂದೆ ಬಂದು ನಿಲ್ಲುವುವು. ಒಳಗಿದ್ದವರನ್ನು ಕಣ್ಣು ಕಟ್ಟಿ ಎಳೆದೊಯ್ಯುವರು. ಮರುದಿನ ಪೋಲೀಸು ಠಾಣೆಯಲ್ಲಿ ವಿಚಾರಿಸಿದರೆ ಅಂತಹ ಹೆಸರಿನವರು ಯಾರೂ ನಮ್ಮ ವಶದಲ್ಲಿಲ್ಲವೆಂಬ ಉತ್ತರ. ಕಾರ್ಮಿಕರ ಮುಂದಾಳುಗಳು, ವಿದ್ಯಾರ್ಥಿಗಳು, ವಕೀಲರು, ಪತ್ರಕರ್ತರು, ಬಡವರ ಕೇರಿಗಳಲ್ಲಿ ಸೇವೆ ಮಾಡುತ್ತಿದ್ದ ಪಾದ್ರಿಗಳು, ಸಂನ್ಯಾಸಿನಿಯರು, ಗರ್ಭಿಣಿಯರು, ಹೀಗೆ ಎಲ್ಲ ಬಗೆಯ ಜನರೂ ಮಾಯವಾದರು. ಕೊಲ್ಲಲ್ಪಟ್ಟವರೆಂದೂ ಅಲ್ಲ, ಬದುಕಿರುವವರೆಂದೂ ಅಲ್ಲ, 'ಕಣ್ಮರೆಯಾದವರು' ಎಂಬ ಒಂದು ಹೊಸ ಜಾತಿಯೇ ಆ ದೇಶದಲ್ಲಿ ಉಂಟಾಯಿತು.

ರಾಜಧಾನಿಯಾದ ಬ್ಯೂನೆಸ್ ಐರಿಸ್ ನಗರದಲ್ಲಿ ನೌಕಾಸೇನೆಯ ಯಂತ್ರವಿದ್ಯಾಶಾಲೆಯೊಂದಿತ್ತು. ವಾಹನಗಳು ಹಗಲಿರುಳೂ ಸಂಚರಿಸುವ ಹೆದ್ದಾರಿಯ ಪಕ್ಕದಲ್ಲಿದ್ದ ಆ ಸುಂದರ ಕಟ್ಟಡದೊಳಕ್ಕೆ ಸುಮಾರು ಐದು ಸಾವಿರ ಮಂದಿಯನ್ನು ಒಯ್ದರೆಂದು ಅಂದಾಜು. ಹೊರಗೆ ಬಂದವರು ಕೆಲವೇ ಮಂದಿ. ಉಳಿದವರಲ್ಲಿ ಅನೇಕರಿಗೆ ಮತ್ತು ಬರುವ ಔಷಧವನ್ನು ಚುಚ್ಚಿ, ವಿಮಾನದಲ್ಲಿ ಕೊಂಡೊಯ್ದು, ಜೀವವಿರುವಾಗಲೇ ಸಮುದ್ರಕ್ಕೆ ಎಸೆದರು. ಸೆರೆಯಲ್ಲಿಯೇ ಹೆತ್ತ ತಾಯಂದಿರ ಮಡಿಲಿನಿಂದ ಶಿಶುಗಳನ್ನು ಕಿತ್ತುಕೊಂಡು ಲಷ್ಕರದವರ ಮತ್ತು ಅವರ ಆಪ್ತರ ಮನೆಗಳಿಗೆ ಹಂಚಿದರು, ತಾಯಂದಿರನ್ನು ಕೊಂದರು. ಇದೆಲ್ಲ ಯಾರೋ ಕೆಲವು ಕ್ರೂರ ಸಿಪಾಯಿಗಳು ಅಮಲಿನಲ್ಲಿ ಮಾಡಿದ ಕೃತ್ಯವಾಗಿರಲಿಲ್ಲ. ಮೇಲಿನಿಂದ ಬಂದ ಅಪ್ಪಣೆ, ಅದನ್ನು ನಡೆಸಲು ನೇಮಿಸಿದ ಅಧಿಕಾರಿಗಳು, ಅದಕ್ಕೆ ಒದಗಿಸಿದ ವಿಮಾನ, ಎಲ್ಲವೂ ಕ್ರಮಬದ್ಧವಾಗಿ ಇದ್ದವು.

ಇಡೀ ದೇಶವು ಹೆದರಿ ಬಾಗಿಲು ಮುಚ್ಚಿಕೊಂಡಿದ್ದಾಗ ೧೯೭೭ರ ಏಪ್ರಿಲ್ ೩೦ರಂದು ಹದಿನಾಲ್ಕು ಮಂದಿ ಹೆಂಗಸರು ಅಧ್ಯಕ್ಷರ ಅರಮನೆಯ ಎದುರಿನ ಪ್ಲಾಸಾ ದೆ ಮಾಯೊ ಎಂಬ ಚೌಕದಲ್ಲಿ ಬಂದು ನಿಂತರು. ನಮ್ಮ ಮಕ್ಕಳೆಲ್ಲಿ ಎಂಬುದೊಂದೇ ಅವರ ಪ್ರಶ್ನೆ. ಗುಂಪುಗೂಡಿ ನಿಲ್ಲಬಾರದೆಂದು ಪೋಲೀಸರು ಗದರಿಸಲು, ನಿಲ್ಲದೆ ಇಬ್ಬಿಬ್ಬರಾಗಿ ಚೌಕವನ್ನು ಸುತ್ತತೊಡಗಿದರು. ತಲೆಗೆ ಬಿಳಿಯ ವಸ್ತ್ರವನ್ನು ಕಟ್ಟಿಕೊಂಡು ಗುರುವಾರ ಗುರುವಾರ ಸುತ್ತುತ್ತಿದ್ದ ಈ ತಾಯಂದಿರನ್ನು ಅಧಿಕಾರಸ್ಥರು ಹುಚ್ಚಿಯರೆಂದು ಹಳಿದರು. ಅವರ ಮುಂದಾಳಾಗಿದ್ದ ಆಸುಸೇನಾ ವಿಯಾಫ್ಲೋರ್ ಎಂಬಾಕೆಯನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಎತ್ತಿಕೊಂಡು ಹೋದರು. ಕಡಲಿನ ದಡಕ್ಕೆ ಬಂದು ಬಿದ್ದು ಹೆಸರಿಲ್ಲದೆ ಹೂಳಲ್ಪಟ್ಟಿದ್ದ ಆಕೆಯ ಅಸ್ಥಿಗಳನ್ನು ಶಾಸ್ತ್ರಜ್ಞರು ಗುರುತಿಸಿದ್ದು ೨೦೦೫ರಲ್ಲಿ. ಉಳಿದ ತಾಯಂದಿರು ಸುತ್ತುವುದನ್ನು ಬಿಡಲಿಲ್ಲ. ಸೇನೆ, ಸಂಸ್ಥೆ, ಪಕ್ಷ ಯಾವುದೂ ಬೆನ್ನಿಗಿಲ್ಲದ ಗೃಹಿಣಿಯರ ಈ ಹಟವೇ ಮುಂದೆ ನ್ಯಾಯಾಸ್ಥಾನದ ಬಾಗಿಲನ್ನು ತೆರೆಯಿಸಿತು.

೧೯೮೨ರಲ್ಲಿ ಮಾಲ್ವಿನಾಸ್ ದ್ವೀಪಗಳಿಗಾಗಿ ಇಂಗ್ಲೆಂಡಿನೊಡನೆ ನಡೆದ ಯುದ್ಧದಲ್ಲಿ ಸೇನಾಪತಿಗಳು ಸೋತರು. ನಿಶ್ಶಸ್ತ್ರ ಪ್ರಜೆಗಳ ಮೇಲೆ ತೋರಿದ ಶೌರ್ಯವು ನಿಜವಾದ ಯುದ್ಧದಲ್ಲಿ ಎರಡೂವರೆ ತಿಂಗಳು ಸಹ ನಿಲ್ಲಲಿಲ್ಲ. ಅಧಿಕಾರವನ್ನು ಬಿಟ್ಟುಕೊಡುವುದು ಅನಿವಾರ್ಯವಾದಾಗ ಅವರು ಮಾಡಿದ ಕೊನೆಯ ಕೆಲಸಗಳಲ್ಲಿ ಒಂದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ೧೯೮೩ರ ಸೆಪ್ಟೆಂಬರಿನಲ್ಲಿ, ಚುನಾವಣೆಗೆ ತಿಂಗಳು ಚಿಲ್ಲರೆ ದಿನಗಳು ಉಳಿದಿರುವಾಗ, ಅವರು 'ರಾಷ್ಟ್ರೀಯ ಶಾಂತಿ'ಯ ಹೆಸರಿನಲ್ಲಿ ಒಂದು ಕಾಯಿದೆಯನ್ನು ಹೊರಡಿಸಿ ತಮ್ಮ ತಪ್ಪುಗಳನ್ನು ತಾವೇ ಕ್ಷಮಿಸಿಕೊಂಡರು! ಕಳ್ಳನು ತನ್ನ ಬಿಡುಗಡೆಯ ಪತ್ರಕ್ಕೆ ತಾನೇ ಮುದ್ರೆಯೊತ್ತಿಕೊಂಡಂತಾಯಿತು. ಅಕ್ಟೋಬರ್ ೩೦ರ ಚುನಾವಣೆಯಲ್ಲಿ ಆರಿಸಿಬಂದ ವಕೀಲ ರೌಲ್ ಅಲ್ಫೊನ್ಸಿನರು ಡಿಸೆಂಬರ್ ೧೦ರಂದು ಅಧಿಕಾರವನ್ನು ವಹಿಸಿಕೊಂಡರು. ಹೊಸ ಪಾರ್ಲಿಮೆಂಟು ಮಾಡಿದ ಮೊಟ್ಟಮೊದಲ ಕೆಲಸಗಳಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿದ್ದೂ ಒಂದು. ಸೇನಾಪತಿಗಳನ್ನೂ ಬಂಡಾಯಗಾರರ ಮುಂದಾಳುಗಳನ್ನೂ ಏಕಕಾಲದಲ್ಲಿ ವಿಚಾರಣೆಗೆ ಒಳಪಡಿಸಬೇಕೆಂದು ಅಲ್ಫೊನ್ಸಿನರು ಆಜ್ಞೆ ಹೊರಡಿಸಿದರು. ಬಂಡಾಯಗಾರರ ಅಪರಾಧವನ್ನು ಮುಚ್ಚಿಟ್ಟು ಸೇನೆಯನ್ನು ಮಾತ್ರ ಹಳಿದರೆಂಬ ಆಕ್ಷೇಪಕ್ಕೆ ಆಧಾರವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಸಾಹಿತಿ ಅರ್ನೆಸ್ಟೊ ಸಬಾಟೊರವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ೧೯೮೪ರ ಸೆಪ್ಟೆಂಬರಿನಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಸುಮಾರು ೩೪೦ ಗುಪ್ತ ಸೆರೆಮನೆಗಳನ್ನೂ ೮,೯೬೧ ಮಂದಿಯ ಕಣ್ಮರೆಯನ್ನೂ ಅದು ದಾಖಲೆಗೆ ತಂದಿತು. ಪಟ್ಟಿಯು ಅಪೂರ್ಣವೆಂದು ಸಮಿತಿಯೇ ಒಪ್ಪಿಕೊಂಡಿತು. ಮಾನವ ಹಕ್ಕುಗಳ ಸಂಘಗಳು ಮೂವತ್ತು ಸಾವಿರವೆಂದು ಹೇಳುತ್ತ ಬಂದಿವೆ. ಈ ಅಂಕಿಗಳ ವಿಷಯದಲ್ಲಿ ಇಂದಿಗೂ ಅಲ್ಲಿ ರಾಜಕೀಯ ಜಗಳ ನಡೆದಿದೆ. ಆದರೆ ಲೆಕ್ಕವು ಸಿಕ್ಕದಿರುವುದಕ್ಕೆ ಕಾರಣರು ಯಾರು? ಹೆಣವನ್ನು ಕಡಲಿಗೆ ಎಸೆದು ಕಾಗದವನ್ನು ಬೆಂಕಿಗೆ ಹಾಕಿದವರ ಪಕ್ಷವನ್ನು ವಹಿಸಿ, ಸತ್ತವರು ಇಷ್ಟು ಮಂದಿಯೆಂದು ಸಾಬೀತುಪಡಿಸಿರೆಂದು ತಾಯಂದಿರನ್ನು ಕೇಳುವುದು ಯಾವ ನ್ಯಾಯ?

ಅಲ್ಫೊನ್ಸಿನರು ಮೊದಲು ಈ ಮೊಕದ್ದಮೆಯನ್ನು ಲಷ್ಕರದ ಉಚ್ಚ ನ್ಯಾಯಮಂಡಲಿಗೇ ಒಪ್ಪಿಸಿದ್ದರು. ಸೇನೆಯು ತನ್ನ ಮನೆಯನ್ನು ತಾನೇ ಗುಡಿಸಿಕೊಳ್ಳಲಿ ಎಂಬುದು ಅವರ ಆಶಯ. ತಿಂಗಳುಗಟ್ಟಲೆ ಕಾದ ಮೇಲೆ ಆ ಮಂಡಲಿಯು, ಸೇನಾಪತಿಗಳು ಹೊರಡಿಸಿದ ಅಪ್ಪಣೆಗಳಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲವೆಂದು ತಿಳಿಸಿತು! ಸೇನೆಯ ತಪ್ಪನ್ನು ಸೇನೆಯೇ ವಿಚಾರಿಸಲಿ ಎಂದು ವಾದಿಸುವವರು ಈ ಉತ್ತರವನ್ನು ಮರೆಯಬಾರದು. ಆಗ ರಾಜಧಾನಿಯ ನಾಗರಿಕ ನ್ಯಾಯಾಸ್ಥಾನವು ಮೊಕದ್ದಮೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ೧೯೮೫ರ ಏಪ್ರಿಲ್ ೨೨ರಂದು ಆರು ಮಂದಿ ನ್ಯಾಯಾಧೀಶರ ಮುಂದೆ ಬಹಿರಂಗ ವಿಚಾರಣೆಯು ಮೊದಲಾಯಿತು. ಸರಕಾರದ ಪರವಾಗಿ ಹೂಲಿಯೊ ಸ್ಟ್ರಾಸ್ಸೇರಾ ಎಂಬ ಅಭಿಯೋಜಕರೂ, ಅವರ ಸಹಾಯಕರಾಗಿ ಲೂಯಿಸ್ ಮೊರೇನೊ ಒಕಾಂಪೊ ಎಂಬ ತರುಣ ವಕೀಲರೂ ನಿಂತರು. ಈ ತರುಣರೇ ಮುಂದೆ ೨೦೦೩ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಥಮ ಅಭಿಯೋಜಕರಾದರು. ಎಂಟುನೂರಕ್ಕೂ ಮಿಕ್ಕಿದ ಸಾಕ್ಷಿಗಳು ಬಂದು ತಮ್ಮ ಮೇಲೆ ನಡೆದುದನ್ನು ಹೇಳಿದರು. ಇಷ್ಟು ಕಾಲ ಯಾರೂ ಕೇಳದಿದ್ದ ಮಾತನ್ನು ನ್ಯಾಯಾಧೀಶರು ಕಿವಿಗೊಟ್ಟು ಕೇಳಿದರು. ಆರೋಪಿಗಳಾಗಿದ್ದವರು ಸೇನಾಪತಿಗಳೇ.

ಆ ಮೊಕದ್ದಮೆಯ ಕ್ರಮವೇ ಅದರ ಹಿರಿಮೆ. ಅದಕ್ಕೆಂದು ಹೊಸ ಅಪರಾಧವೊಂದನ್ನು ಸೃಷ್ಟಿಸಲಿಲ್ಲ. ಕೊಲೆ, ಅಕ್ರಮ ಬಂಧನ, ಚಿತ್ರಹಿಂಸೆ, ಸುಲಿಗೆ ಎಂದು ದೇಶದ ದಂಡಸಂಹಿತೆಯಲ್ಲಿ ಮೊದಲೇ ಇದ್ದ ಅಪರಾಧಗಳನ್ನೇ ಹೊರಿಸಲಾಯಿತು. ಆರೋಪಿಗಳು ತಮಗೆ ಬೇಕಾದ ವಕೀಲರನ್ನು ನಿಯಮಿಸಿಕೊಂಡರು. ಇನ್ನೆಂದಿಗೂ ಬೇಡ ಎಂಬ ಎರಡು ಮಾತುಗಳಿಂದ ಸ್ಟ್ರಾಸ್ಸೇರಾರವರು ತಮ್ಮ ವಾದವನ್ನು ಮುಗಿಸಿ ಐವರಿಗೆ ಆಜೀವ ಸೆರೆಯನ್ನು ಬೇಡಿದರು. ಡಿಸೆಂಬರ್ ೯ರಂದು ತೀರ್ಪು ಹೊರಬಿದ್ದಾಗ ಆ ಶಿಕ್ಷೆಯಾದುದು ವಿದೇಲಾ ಮತ್ತು ಮಸ್ಸೇರಾ ಇಬ್ಬರಿಗೆ ಮಾತ್ರ. ವಿಯೋಲಾನಿಗೆ ಹದಿನೇಳು ವರ್ಷ, ಲಂಬ್ರುಸ್ಕಿನಿಗೆ ಎಂಟು, ಅಗೋಸ್ತಿಗೆ ನಾಲ್ಕೂವರೆ ವರ್ಷ. ಉಳಿದ ನಾಲ್ವರಿಗೆ ಬಿಡುಗಡೆ. ಬಿಡುಗಡೆಯನ್ನು ಕಂಡು ತಾಯಂದಿರು ಮರುಗಿದರು. ಆ ಮರುಕವನ್ನು ನಾವು ಬಲ್ಲೆವು. ಆದರೂ ಪ್ರತಿಯೊಬ್ಬನ ಮೇಲಿನ ಸಾಕ್ಷ್ಯವನ್ನು ಬೇರೆಬೇರೆಯಾಗಿ ತೂಗಿ, ಸಾಲದೆಂದು ಕಂಡಲ್ಲಿ ಬಿಟ್ಟುಕೊಟ್ಟುದರಿಂದಲೇ ಅದು ಸೇಡಿನ ಸಭೆಯಲ್ಲ, ನ್ಯಾಯಾಸ್ಥಾನವೆಂಬುದು ಲೋಕಕ್ಕೆ ಖಚಿತವಾಯಿತು. ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಕೊಂದವರಿಗೆ ತಾವು ಯಾರಿಗೂ ಕೊಡದಿದ್ದ ನ್ಯಾಯವು ದೊರೆಯಿತು. ಪ್ರಜಾಸತ್ತೆಯು ಸೇನಾಸತ್ತೆಗೆ ಹೇಳಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಘನವಾದುದು ನಮಗೆ ತಿಳಿಯದು.

ಇಲ್ಲಿಗೆ ಕಥೆಯು ಮುಗಿದಿದ್ದರೆ ಸುಲಭವಾಗುತ್ತಿತ್ತು. ಸೇನಾಪತಿಗಳ ಕೈಕೆಳಗಿನ ಅಧಿಕಾರಿಗಳ ಮೇಲೆ ಮೊಕದ್ದಮೆಗಳು ಏರುತ್ತಿದ್ದಂತೆ ಪಾಳೆಯಗಳಲ್ಲಿ ಗೊಣಗಾಟವು ಹಬ್ಬಿತು. ಸರಕಾರವು ಅಂಜಿತು. ೧೯೮೬ರ ಡಿಸೆಂಬರಿನಲ್ಲಿ 'ಪೂರ್ಣವಿರಾಮ'ದ ಕಾಯಿದೆಯು ಹುಟ್ಟಿ, ಅರುವತ್ತು ದಿನಗಳೊಳಗೆ ಹೂಡದ ಮೊಕದ್ದಮೆಗಳೆಲ್ಲ ಲಯವಾಗತಕ್ಕವೆಂದು ಗೊತ್ತುಮಾಡಿತು. ೧೯೮೭ರ ಏಪ್ರಿಲಿನಲ್ಲಿ ಈಸ್ಟರ್ ಹಬ್ಬದ ದಿನಗಳಂದು ಆಲ್ಡೊ ರಿಕೊ ಎಂಬ ಅಧಿಕಾರಿಯು ಮುಖಕ್ಕೆ ಮಸಿ ಬಳಿದುಕೊಂಡ ತನ್ನ ಅನುಚರರೊಡನೆ ದಂಗೆಯೆದ್ದನು. ಲಕ್ಷಾಂತರ ಪ್ರಜೆಗಳು ಸರಕಾರದ ಬೆಂಬಲಕ್ಕಾಗಿ ಬೀದಿಗೆ ಬಂದರು. ಅಧ್ಯಕ್ಷರು ಪಾಳೆಯಕ್ಕೆ ಹೋಗಿ ಮಾತನಾಡಿ ಬಂದು, ಮನೆಯು ಸುವ್ಯವಸ್ಥಿತವಾಗಿದೆ, ಹಬ್ಬವನ್ನು ಆಚರಿಸಿರೆಂದು ಜನರನ್ನು ಕಳುಹಿಸಿಕೊಟ್ಟರು. ಎರಡು ತಿಂಗಳೊಳಗಾಗಿ 'ವಿಧೇಯತೆ'ಯ ಕಾಯಿದೆಯು ಬಂದಿತು. ಮೇಲಧಿಕಾರಿಯ ಅಪ್ಪಣೆಯಂತೆ ನಡೆದವನು ದೋಷಿಯಲ್ಲವೆಂದು ಅದು ಸಾರಿತು. ೧೯೮೯ ಮತ್ತು ೧೯೯೦ರಲ್ಲಿ ಮುಂದಿನ ಅಧ್ಯಕ್ಷ ಕಾರ್ಲೋಸ್ ಮೆನೆಮರು ಉಳಿದುದನ್ನು ಪೂರೈಸಿದರು. ವಿದೇಲಾ, ಮಸ್ಸೇರಾ ಮೊದಲಾದವರನ್ನೂ ಬಂಡಾಯಗಾರರ ಮುಂದಾಳುವನ್ನೂ ಒಂದೇ ಲೇಖನಿಯಿಂದ ಕ್ಷಮಿಸಿ ಮನೆಗೆ ಕಳುಹಿಸಿದರು.

ಶಾಂತಿಗಾಗಿ ಇಷ್ಟು ಬೆಲೆಯನ್ನು ತೆರಲೇಬೇಕಾಗಿತ್ತೆಂದು ಅಂದು ಬುದ್ಧಿವಂತರು ಹೇಳಿದರು, ಇಂದೂ ಹೇಳುವರು. ಈ ವಾದವನ್ನು ನಡೆದ ಸಂಗತಿಗಳಿಂದಲೇ ಪರೀಕ್ಷಿಸೋಣ. ವಿಧೇಯತೆಯ ಕಾಯಿದೆಯನ್ನು ಪಡೆದ ಮೇಲೆ ದಂಗೆಕೋರರು ತಣ್ಣಗಾದರೇ? ೧೯೮೮ರ ಜನವರಿಯಲ್ಲಿ ಅದೇ ರಿಕೊ ಮತ್ತೆ ದಂಗೆಯೆದ್ದನು. ಡಿಸೆಂಬರಿನಲ್ಲಿ ಕರ್ನಲ್ ಸೈನೆಲ್ಡಿನ್ ಎಂಬವನು ಎದ್ದನು. ೧೯೮೯ರ ಅಕ್ಟೋಬರಿನಲ್ಲಿ ಇವರಿಬ್ಬರಿಗೂ ಕ್ಷಮೆ ದೊರೆಯಿತು. ಮರುವರ್ಷ ಡಿಸೆಂಬರ್ ೩ರಂದು ಕ್ಷಮೆ ಪಡೆದ ಸೈನೆಲ್ಡಿನನ ಅನುಚರರು ರಾಜಧಾನಿಯಲ್ಲಿಯೇ ರಕ್ತವನ್ನು ಹರಿಸಿದರು! ಒಂದೊಂದು ಕ್ಷಮೆಯೂ ಮುಂದಿನ ದಂಗೆಗೆ ಕೊಟ್ಟ ವೀಳೆಯವಾಯಿತು. ಆ ಸಲ ಸರಕಾರವು ಸಂಧಾನಕ್ಕೆ ಹೋಗಲಿಲ್ಲ. ರಾಜ್ಯಾಂಗಕ್ಕೆ ನಿಷ್ಠರಾದ ಪಡೆಗಳು ದಂಗೆಯನ್ನು ಬಲದಿಂದ ಅಡಗಿಸಿದವು; ಸೈನೆಲ್ಡಿನನಿಗೆ ಆಜೀವ ಸೆರೆಯಾಯಿತು. ಅಲ್ಲಿಂದ ಮುಂದೆ ಅರ್ಜೆಂಟೀನದ ಸೇನೆಯು ಸರಕಾರದ ಮೇಲೆ ಕೈಯೆತ್ತಿಲ್ಲ. ಶಾಂತಿಯನ್ನು ತಂದುಕೊಟ್ಟುದು ಯಾವುದು, ಕ್ಷಮೆಯೋ ದಂಡನೆಯೋ ಎಂಬುದನ್ನು ವಾಚಕರೇ ನಿರ್ಣಯಿಸಬಹುದು.

ವಿಧೇಯತೆಯ ವಾದಕ್ಕೆ ಸ್ವಲ್ಪ ನಿಂತು ಉತ್ತರ ಹೇಳುವುದು ಅವಶ್ಯ. ಏಕೆಂದರೆ ಅದರಲ್ಲಿ ಸತ್ಯದ ಒಂದಂಶವಿದೆ. ಅಪ್ಪಣೆಯನ್ನು ಪಾಲಿಸದ ಸೇನೆಯು ಸೇನೆಯೇ ಅಲ್ಲ. ಆದರೆ ಯುದ್ಧದಲ್ಲಿ ಮುನ್ನುಗ್ಗೆಂಬ ಅಪ್ಪಣೆಗೂ, ಕಣ್ಣು ಕಟ್ಟಿದ ಹೆಂಗಸನ್ನು ವಿಮಾನದಿಂದ ತಳ್ಳೆಂಬ ಅಪ್ಪಣೆಗೂ ಇರುವ ಅಂತರವು ಯಾವ ಸಿಪಾಯಿಗೆ ತಿಳಿಯದು? ತಿಳಿಯದೆಂದು ಹೇಳುವುದು ಸಿಪಾಯಿಯನ್ನು ರಕ್ಷಿಸಿದಂತಲ್ಲ; ಅವನನ್ನು ಮನುಷ್ಯಜಾತಿಯಿಂದ ಹೊರಗಿಟ್ಟಂತೆ. ಅಪ್ಪಣೆ ಕೊಟ್ಟವನ ಹೊಣೆಯು ಹೆಚ್ಚಿನದು, ಪಾಲಿಸಿದವನದು ಕಡಿಮೆ, ಅಪ್ಪಣೆಯನ್ನು ಮೀರಿ ಕ್ರೌರ್ಯವೆಸಗಿದವನದು ಬೇರೆ ಎಂದು ಅಲ್ಫೊನ್ಸಿನರು ಮೊದಲು ಮಾಡಿದ್ದ ವಿಭಾಗವು ನ್ಯಾಯವಾಗಿಯೇ ಇತ್ತು. ಶಿಕ್ಷೆಯ ತೂಕದಲ್ಲಿ ಆ ಅಂತರವನ್ನು ಎಣಿಸಬಹುದು. ವಿಚಾರಣೆಯೇ ಇಲ್ಲವೆಂದರೆ ಅಪ್ಪಣೆಯೆಂಬುದು ಎಲ್ಲ ಪಾಪಗಳನ್ನೂ ತೊಳೆಯುವ ತೀರ್ಥವಾಗುವುದು.

ಆ ಕಾಯಿದೆಯಲ್ಲಿ ಒಂದು ಕಿಂಡಿಯು ಉಳಿದಿತ್ತು. ಶಿಶುಗಳ ಅಪಹರಣಕ್ಕೆ ಅದು ರಕ್ಷಣೆಯನ್ನು ಕೊಟ್ಟಿರಲಿಲ್ಲ. ಚೌಕದ ತಾಯಂದಿರಲ್ಲಿ ಅಜ್ಜಿಯರಾಗಿದ್ದವರು ಆ ಕಿಂಡಿಯಿಂದಲೇ ಒಳಹೊಕ್ಕರು. ರಕ್ತಪರೀಕ್ಷೆಯ ಹೊಸ ಶಾಸ್ತ್ರದ ನೆರವಿನಿಂದ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹುಡುಕಿದರು; ಅಪಹೃತರಾದ ಸುಮಾರು ಐನೂರು ಮಂದಿಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಮಂದಿಯು ಇದುವರೆಗೆ ಪತ್ತೆಯಾಗಿರುವರು. ೧೯೯೫ರಲ್ಲಿ ನೌಕಾಸೇನೆಯ ನಿವೃತ್ತ ಅಧಿಕಾರಿ ಸಿಲಿಂಗೊ ಎಂಬವನು ಜನರನ್ನು ಕಡಲಿಗೆ ಎಸೆದ ವಿಮಾನಗಳಲ್ಲಿ ತಾನೂ ಇದ್ದೆನೆಂದು ಪತ್ರಕರ್ತರೊಬ್ಬರ ಮುಂದೆ ಒಪ್ಪಿಕೊಂಡನು. ಕ್ಷಮಾಪತ್ರವು ಕೈಯಲ್ಲಿದ್ದರೂ ಅವನ ಮನಸ್ಸಾಕ್ಷಿಗೆ ನಿದ್ರೆ ಬಾರದಾಯಿತು. ೧೯೯೮ರಲ್ಲಿ ಶಿಶುಗಳ ಅಪಹರಣದ ಆರೋಪದ ಮೇಲೆ ವಿದೇಲಾನನ್ನು ಪುನಃ ಬಂಧಿಸಲಾಯಿತು. ೨೦೦೩ರಲ್ಲಿ ಪಾರ್ಲಿಮೆಂಟು ಎರಡೂ ಕಾಯಿದೆಗಳನ್ನು ರದ್ದುಮಾಡಿತು. ೨೦೦೫ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ೨೦೦೭ರಲ್ಲಿ ಮೆನೆಮರ ಕ್ಷಮೆಯೂ ಅಸಿಂಧುವಾಯಿತು. ಅಂದಿನಿಂದ ಸಾವಿರಕ್ಕೂ ಮೀರಿ ಮಂದಿಯು ದಂಡಿತರಾಗಿರುವರು. ೨೦೧೭ರ ನವೆಂಬರಿನಲ್ಲಿ ನೌಕಾಶಾಲೆಯ ಮೊಕದ್ದಮೆಯೊಂದರಲ್ಲಿಯೇ ೨೯ ಮಂದಿಗೆ ಆಜೀವ ಸೆರೆಯಾಯಿತು, ಆರು ಮಂದಿಗೆ ಬಿಡುಗಡೆಯಾಯಿತು. ವಿದೇಲಾನು ೨೦೧೩ರ ಮೇ ೧೭ರಂದು ಎಂಬತ್ತೇಳನೆಯ ವಯಸ್ಸಿನಲ್ಲಿ ಸೆರೆಮನೆಯೊಳಗೆ ಪ್ರಾಣಬಿಟ್ಟನು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯು ಅಟ್ಲಾಂಟಿಕ್ ಸಮುದ್ರದ ಆಚೆಗೂ ಸಲ್ಲುವುದೆಂದು ಆಯಿತು.

ಆದರೂ ವಿಳಂಬಕ್ಕೆ ತೆತ್ತ ಬೆಲೆಯನ್ನು ನಾವು ಮರೆಯಲಾಗದು. ಮಸ್ಸೇರಾನು ಬುದ್ಧಿ ಕುಂದಿ ವಿಚಾರಣೆಗೆ ಅಯೋಗ್ಯನೆನಿಸಿ ೨೦೧೦ರಲ್ಲಿ ಸತ್ತನು. ಎಷ್ಟೋ ತಾಯಂದಿರು ಮಕ್ಕಳ ಅಸ್ಥಿಯನ್ನೂ ಕಾಣದೆ ತೀರಿಕೊಂಡರು. ೨೦೦೬ರಲ್ಲಿ ಒಬ್ಬ ಪೋಲೀಸು ಅಧಿಕಾರಿಯ ವಿರುದ್ಧ ಸಾಕ್ಷಿ ಹೇಳಿದ ವೃದ್ಧನೊಬ್ಬನು ತೀರ್ಪಿನ ಹಿಂದಿನ ದಿನ ಮನೆಯಿಂದ ಹೊರಟು ಎರಡನೆಯ ಸಲ ಕಣ್ಮರೆಯಾದನು; ಇದುವರೆಗೂ ಪತ್ತೆಯಿಲ್ಲ. ಹದಿನೈದು ವರ್ಷಗಳ ಕಾಲ ನ್ಯಾಯವನ್ನು ಬೀಗದಲ್ಲಿಟ್ಟುದರಿಂದ ಕೊಲೆಗಡುಕರಿಗೆ ವೃದ್ಧಾಪ್ಯವೂ ನೊಂದವರಿಗೆ ಸಮಾಧಿಯೂ ದೊರೆತವು. ಚಿಲಿ ದೇಶದ ಪಿನೊಷೆಯು ೧೯೯೮ರಲ್ಲಿ ಲಂಡನ್ನಿನಲ್ಲಿ ಬಂಧಿತನಾಗಿಯೂ, ಅನೇಕ ಮೊಕದ್ದಮೆಗಳನ್ನು ಎದುರಿಸಿಯೂ, ಒಂದರಲ್ಲಿಯೂ ತೀರ್ಪಾಗುವ ಮೊದಲೇ ೨೦೦೬ರಲ್ಲಿ ಸತ್ತನು. ಗ್ವಾಟೆಮಾಲದ ರಿಯೋಸ್ ಮೊಂಟನಿಗೆ ೨೦೧೩ರ ಮೇ ೧೦ರಂದು ಎಂಬತ್ತು ವರ್ಷಗಳ ಶಿಕ್ಷೆಯಾಗಲು, ಹತ್ತು ದಿನಗಳಲ್ಲಿ ಆ ತೀರ್ಪನ್ನು ಮೇಲಿನ ನ್ಯಾಯಾಲಯವು ತೊಡೆದುಹಾಕಿತು. ಮರುವಿಚಾರಣೆಯು ಮುಗಿಯುವುದರೊಳಗೆ ಅವನೂ ಸತ್ತನು. ಮುದಿತನವೇ ಇಂಥವರ ಕೊನೆಯ ವಕೀಲನೆಂದು ತೋರುವುದು.

ದೂರದ ದೇಶದ ಈ ಕಥೆಯು ನಮಗೇಕೆ ಎಂದು ಕೇಳುವವರಿರಬಹುದು. ೧೯೧೯ರ ಏಪ್ರಿಲ್ ೧೩ರಂದು ಜಲಿಯನ್‌ವಾಲಾ ಬಾಗಿನಲ್ಲಿ ಡಯರನು ಹತ್ತು ನಿಮಿಷಗಳ ಕಾಲ ಗುಂಡಿನ ಮಳೆಗರೆದನು. ಸರಕಾರದ ಲೆಕ್ಕದಂತೆಯೇ ೩೭೯ ಮಂದಿಯು ಸತ್ತರು. ಆ ಸೆಪ್ಟೆಂಬರಿನಲ್ಲಿ, ವಿಚಾರಣಾ ಸಮಿತಿಯು ನೇಮಕವಾಗುವುದಕ್ಕೆ ಮೊದಲೇ, ಅಧಿಕಾರಿಗಳನ್ನು ಮೊಕದ್ದಮೆಗಳಿಂದ ರಕ್ಷಿಸುವ ಕಾಯಿದೆಯನ್ನು ಸರಕಾರವು ತಂದಿತು. ಕೂಸು ಹುಟ್ಟುವ ಮುನ್ನ ಕುಲಾವಿ! ಪಂಡಿತ ಮದನಮೋಹನ ಮಾಳವೀಯರು ಶಾಸನಸಭೆಯಲ್ಲಿ ಅದನ್ನು ಪ್ರತಿಭಟಿಸಿದರು, ಫಲವಾಗಲಿಲ್ಲ. ಡಯರನು ಹುದ್ದೆಯನ್ನು ಕಳೆದುಕೊಂಡನಲ್ಲದೆ ಯಾವ ನ್ಯಾಯಾಸ್ಥಾನದ ಮುಂದೆಯೂ ನಿಲ್ಲಲಿಲ್ಲ. ಇಂಗ್ಲೆಂಡಿನ ಪ್ರಭುಸಭೆಯು ಅವನ ಪರವಾಗಿ ಗೊತ್ತುವಳಿಯನ್ನು ಮಾಡಿತು. ಅಲ್ಲಿನ ಪತ್ರಿಕೆಯೊಂದು ಅವನಿಗಾಗಿ ೨೬ ಸಾವಿರ ಪೌಂಡುಗಳ ನಿಧಿಯನ್ನು ಕೂಡಿಸಿತು. ಈ ಅನ್ಯಾಯದ ಕಾವು ನಮ್ಮ ಸ್ವಾತಂತ್ರ್ಯದ ಹೋರಾಟವನ್ನು ಎಷ್ಟು ಉರಿಸಿತೆಂಬುದನ್ನು ವಾಚಕರು ಬಲ್ಲರು. ೧೯೭೧ರಲ್ಲಿ ಬಾಂಗ್ಲಾದೇಶದ ಜನರ ಮೇಲೆ ಪಾಕಿಸ್ತಾನದ ಸೇನೆಯು ನಡೆಸಿದ ಹತ್ಯೆಗಳ ಸಂಬಂಧದಲ್ಲಿ ೧೯೫ ಮಂದಿ ಸೇನಾಧಿಕಾರಿಗಳನ್ನು ವಿಚಾರಣೆಗೆ ಗೊತ್ತುಮಾಡಲಾಗಿತ್ತು. ೧೯೭೪ರ ಏಪ್ರಿಲಿನಲ್ಲಿ ದಿಲ್ಲಿಯಲ್ಲಿ ಮೂರು ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದಂತೆ ಅವರೆಲ್ಲರೂ ಮನೆಗೆ ಮರಳಿದರು. ಅವರ ದೇಶದಲ್ಲಿಯೇ ನೇಮಕವಾಗಿದ್ದ ಹಮೂದುರ್ ರಹಮಾನ್ ಆಯೋಗವು ಸೇನಾಪತಿಗಳನ್ನು ವಿಚಾರಿಸಬೇಕೆಂದು ಸಲಹೆಮಾಡಿದರೂ ಅದು ಕಾಗದದಲ್ಲಿಯೇ ಉಳಿಯಿತು. ೧೯೭೭ರಲ್ಲಿಯೂ ೧೯೯೯ರಲ್ಲಿಯೂ ಸೇನಾಪತಿಗಳು ಆ ದೇಶದ ಗದ್ದುಗೆಯನ್ನು ಮತ್ತೆ ಏರಿದರು. ಅದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಆರು ಕ್ರಾಂತಿಗಳನ್ನು ಕಂಡ ಅರ್ಜೆಂಟೀನವು ೧೯೮೩ರಿಂದೀಚೆಗೆ ಏಳನೆಯದನ್ನು ಕಂಡಿಲ್ಲವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆನ್ನುತ್ತೇವೆ.

ಇನ್ನು ನಮ್ಮ ಮನೆಯ ಮಾತು. ಸ್ವತಂತ್ರ ಭಾರತದ ಸೇನೆಯು ಒಂದು ದಿನವಾದರೂ ರಾಜ್ಯಾಧಿಕಾರಕ್ಕೆ ಕೈಚಾಚಿಲ್ಲ. ಜನರಿಂದ ಆಯ್ಕೆಯಾದವರ ಆಜ್ಞೆಗೆ ತಲೆಬಾಗಿ ನಡೆದಿರುವ ಅದರ ಕೀರ್ತಿಯು ನಮಗೆಲ್ಲ ಅಭಿಮಾನದ ವಿಷಯ. ಈ ಅಭಿಮಾನವಿರುವುದರಿಂದಲೇ ಒಂದು ಮಾತನ್ನು ಹೇಳಬೇಕಾಗಿದೆ. ೧೯೫೮ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆಯು ದೇಶದ ಕೆಲವು ಭಾಗಗಳಲ್ಲಿ ಇಂದಿಗೂ ಜಾರಿಯಲ್ಲಿದೆ. ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಸೈನಿಕರ ಮೇಲೆ ಮೊಕದ್ದಮೆಯನ್ನು ನಡೆಸಲಾಗದೆಂದು ಅದರ ಆರನೆಯ ಕಲಮು ಹೇಳುವುದು. ಮಣಿಪುರದ ೧,೫೨೮ ಸಾವುಗಳ ಬಗ್ಗೆ ಬಂದ ಅರ್ಜಿಯ ಮೇಲೆ ನಮ್ಮ ಸುಪ್ರೀಂ ಕೋರ್ಟು ೨೦೧೬ರ ಜುಲೈ ೮ರಂದು, ಸೈನಿಕರಿಗೆ ಸಂಪೂರ್ಣ ರಕ್ಷಾಕವಚವೆಂಬುದು ಇಲ್ಲ, ಮಿತಿಮೀರಿದ ಬಲಪ್ರಯೋಗದಿಂದ ಸಾವು ಸಂಭವಿಸಿತೆಂಬ ದೂರಿದ್ದರೆ ವಿಚಾರಣೆಯು ನಡೆಯಲೇಬೇಕೆಂದು ತೀರ್ಪುಕೊಟ್ಟಿತು. ೨೦೨೧ರ ಡಿಸೆಂಬರ್ ೪ರಂದು ನಾಗಾಲ್ಯಾಂಡಿನ ಓಟಿಂಗ್ ಗ್ರಾಮದ ಬಳಿಯಲ್ಲಿ ಗಣಿಯ ಕೆಲಸದಿಂದ ಮನೆಗೆ ಮರಳುತ್ತಿದ್ದ ಆರು ಮಂದಿ ಕೂಲಿಗಳು ಸೇನೆಯ ಗುಂಡಿಗೆ ಬಲಿಯಾದರು. ಅನಂತರದ ಗಲಭೆಯಲ್ಲಿ ಇನ್ನೂ ಹಲವರು ಸತ್ತರು. ಗುರುತು ತಪ್ಪಿ ನಡೆದುದೆಂದು ಗೃಹಮಂತ್ರಿಗಳು ಪಾರ್ಲಿಮೆಂಟಿನಲ್ಲಿ ವಿಷಾದಿಸಿದರು. ಆ ರಾಜ್ಯದ ಪೋಲೀಸರು ತನಿಖೆ ಮಾಡಿ ಮೂವತ್ತು ಮಂದಿ ಸೈನಿಕರ ಮೇಲೆ ದೋಷಾರೋಪವನ್ನು ಸಿದ್ಧಪಡಿಸಿದರು. ೨೦೨೩ರಲ್ಲಿ ಕೇಂದ್ರ ಸರಕಾರವು ಅನುಮತಿಯನ್ನು ನಿರಾಕರಿಸಿತು. ಅನುಮತಿಯಿಲ್ಲದ ಕಾರಣ ೨೦೨೪ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯ ನಡವಳಿಯನ್ನು ನಿಲ್ಲಿಸಿತು. ಆ ಸೈನಿಕರು ದೋಷಿಗಳೆಂದು ನಾವು ಹೇಳುತ್ತಿಲ್ಲ. ಹೇಳುವ ಅಧಿಕಾರವು ನಮಗಿಲ್ಲ. ದೋಷಿಗಳೋ ನಿರ್ದೋಷಿಗಳೋ ಎಂಬುದನ್ನು ಹೇಳುವ ಅಧಿಕಾರವಿರುವ ನ್ಯಾಯಾಧೀಶನ ಮುಂದೆ ಆ ಪ್ರಶ್ನೆಯು ಹೋಗಲೇ ಇಲ್ಲವೆಂಬುದೇ ನಮ್ಮ ವ್ಯಸನ. ಅರ್ಜೆಂಟೀನದ ಘೋರ ಕೃತ್ಯಗಳಿಗೂ ಇದಕ್ಕೂ ಅಜಗಜಾಂತರವಿದೆ. ಹಾಗಿದ್ದರೆ ವಿಚಾರಣೆಗೆ ಅಂಜುವುದೇಕೆ? ಆ ದೇಶದ ನ್ಯಾಯಾಸ್ಥಾನವು ಸೇನಾಪತಿಗಳಲ್ಲಿ ನಾಲ್ವರನ್ನು ಬಿಟ್ಟುಕೊಟ್ಟಿತು. ನಿರಪರಾಧಿಯಾದ ಸೈನಿಕನ ಮೇಲಿನ ಕಳಂಕವನ್ನು ತೊಳೆಯಬಲ್ಲುದು ತೀರ್ಪೊಂದೇ. ಅನುಮತಿಯ ನಿರಾಕರಣವು ಅದನ್ನು ತೊಳೆಯಲಾರದು.

ಕ್ಷಮೆಯು ದೊಡ್ಡ ಗುಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ಷಮೆಯು ನೊಂದವರ ಸೊತ್ತು. ಮಗನನ್ನು ಕಳೆದುಕೊಂಡ ತಾಯಿಯು ಕ್ಷಮಿಸಿದರೆ ಅದು ಪುಣ್ಯ. ಆಕೆಯ ಹೆಸರಿನಲ್ಲಿ, ಆಕೆಯನ್ನು ಕೇಳದೆ, ಅಧಿಕಾರದಲ್ಲಿರುವವರು ಕ್ಷಮಿಸಿದರೆ ಅದು ಪರರ ಸೊತ್ತಿನಿಂದ ಮಾಡಿದ ದಾನ. ಕ್ಷಮಿಸುವುದಕ್ಕಾದರೂ ಯಾರನ್ನು, ಯಾವ ಕೃತ್ಯಕ್ಕಾಗಿ ಎಂಬುದು ಆಕೆಗೆ ತಿಳಿಯಬೇಡವೇ? ಸತ್ಯವು ಬಹಿರಂಗದಲ್ಲಿ ಸ್ಥಾಪಿತವಾದ ಮೇಲೆ ದಯೆಗೆ ಸ್ಥಳವಿದೆ. ಅದಕ್ಕೆ ಮೊದಲೇ ತೋರುವ ದಯೆಯು ಬಲಿಷ್ಠನ ಭಯಕ್ಕೆ ಹೊದಿಸಿದ ಶಾಲು. ಬ್ಯೂನೆಸ್ ಐರಿಸ್ ನಗರದ ನೌಕಾಶಾಲೆಯು ಇಂದು ಸ್ಮಾರಕವಾಗಿ ನಿಂತಿದೆ. ೨೦೨೩ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಬಾಗಿಲನ್ನು ಲೋಕಕ್ಕೆ ತೆರೆದುದು ಚೌಕವನ್ನು ಸುತ್ತುತ್ತಿದ್ದ ಹದಿನಾಲ್ಕು ಮಂದಿ ಹೆಂಗಸರ ಪ್ರಶ್ನೆ. ನಮ್ಮ ದೇಶದ ಯಾವುದಾದರೊಂದು ಮೂಲೆಯಲ್ಲಿ ಅಂತಹ ತಾಯಿಯೊಬ್ಬಳು ಅದೇ ಪ್ರಶ್ನೆಯನ್ನು ಕೇಳಿದಾಗ, ಅನುಮತಿಯಿಲ್ಲವೆಂಬ ಉತ್ತರವು ಸ್ವತಂತ್ರ ರಾಷ್ಟ್ರಕ್ಕೆ ಒಪ್ಪುವಂತಹುದಲ್ಲ.